ಮೂಲೆ ಲ್ಯಾಬಿನ ‘ಇನ್ನೊಂದ್ಸಲ’ ಮೇಡಂ

ಲ್ಯಾಬಿನಿಂದ ಫೋನ್ ಬಂತೆಂದರೆ ನನ್ನ ಬಿಪಿ ಏರುತ್ತದೆ. ಆ ಕಡೆಯಿಂದ ಬರುವ ಮಾತು ಒಂದೇ: “ಇನ್ನೊಂದ್ಸಲ ಕಳ್ಸಿ.” ಮೂತ್ರದ ಡಬ್ಬಿಯ ಮುಚ್ಚಳ ಸಡಿಲವಿತ್ತು, ಇನ್ನೊಂದ್ಸಲ. ಚೀಟಿಯಲ್ಲಿ ಹೊತ್ತು ಬರೆದಿಲ್ಲ, ಇನ್ನೊಂದ್ಸಲ. ಕಫ ಅಂತ ಕಳಿಸಿದ್ದು ಬರೀ ಎಂಜಲು, ಇನ್ನೊಂದ್ಸಲ. ರೋಗಿಗಳ ಸ್ಯಾಂಪಲ್‌ಗಳಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ಬೆಳೆಸಿ ನೋಡುವ ಆ ಟೆಕ್ನಿಷಿಯನ್ನನ್ನು ಇಡೀ ಆಸ್ಪತ್ರೆ ‘ಇನ್ನೊಂದ್ಸಲ ಮೇಡಂ’ ಎಂದೇ ಕರೆಯುತ್ತದೆ. ನಾನು ನವಜಾತ ಶಿಶುಗಳ ವಾರ್ಡಿನ ಹೆಡ್ ಸಿಸ್ಟರ್ ಆಗಿ ಹತ್ತೊಂಬತ್ತು ವರ್ಷವಾಯಿತು. ಅಷ್ಟೂ ವರ್ಷ ಆಕೆಯ ಕಾಟ ಸಹಿಸಿದ್ದೇನೆ.

ಆಕೆ ಇಲ್ಲಿಗೆ ಸೇರಿದಾಗ ಇಪ್ಪತ್ನಾಲ್ಕು ವಯಸ್ಸು. ಲಾಂಡ್ರಿಯ ಪಕ್ಕದ ಮೂಲೆ ಕೋಣೆ ಕೊಟ್ಟರು. ಅಲ್ಲಿ ಒಂದು ಕಿಟಕಿ, ಒಂದು ಬರ್ನರ್, ಬ್ಯಾಕ್ಟೀರಿಯಾ ಬೆಚ್ಚಗಿಟ್ಟು ಬೆಳೆಸಲು, ಬಾಗಿಲು ಒದ್ದರೆ ಮಾತ್ರ ಮುಚ್ಚುವ ಇನ್‌ಕ್ಯುಬೇಟರ್ ಪೆಟ್ಟಿಗೆ. ಜೊತೆಗೆ ಸೇರಿದವರೆಲ್ಲ ದೊಡ್ಡ ಲ್ಯಾಬುಗಳನ್ನು ಹುಡುಕಿಕೊಂಡು ಹೋದರು, ಈಕೆ ಅಲ್ಲೇ ಬೇರು ಬಿಟ್ಟಳು. ತೊಳೆದಿಟ್ಟ ಪಾತ್ರೆಯನ್ನೂ ಸೊಸೆ ಮೂಸಿ ನೋಡುತ್ತಾಳೆಂದು ಆಕೆಯ ಅತ್ತೆಗೆ ಇಂದಿಗೂ ಸಿಟ್ಟು. ದಿನಾ ಸಂಜೆ ಗೇಟಿನ ಹತ್ತಿರ ಸ್ಕೂಟರ್ ಮೇಲೆ ಕಾಯುವ ಗಂಡ ಪಾಪದ ಮನುಷ್ಯ. “ಮನೆ ಬೀಗ ಹಾಕಿದ್ರೂ ಇನ್ನೊಂದ್ಸಲ ಎಳೆದು ನೋಡಿ ಅಂತಾಳೆ ಸಿಸ್ಟರ್. ಮದುವೆಗೆ ಒಂದೇ ಸಲ ಹೂಂ ಅಂದಿದ್ದು ನನ್ನ ಪುಣ್ಯ,” ಎಂದು ನನ್ನ ಹತ್ತಿರ ನಕ್ಕಿದ್ದರು.

ಬೇರೆ ಲ್ಯಾಬಿನವರು ಎರಡನೇ ದಿನ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟು ನೋಡಿ, ಬರೆದು, ಎಸೆದು ಮನೆಗೆ ಹೋಗುತ್ತಾರೆ. ಈಕೆ ಅದನ್ನು ಇನ್‌ಕ್ಯುಬೇಟರಿನಿಂದ ತೆಗೆದು ಮತ್ತೊಂದು ದಿನ ಮೇಜಿನ ಮೇಲೆ ಇಟ್ಟುಕೊಂಡು ಕೂರುತ್ತಾಳೆ. ಕೇಳಿದರೆ, “ಕೆಲವಕ್ಕೆ ಬೆಚ್ಚಗಿದ್ದಾಗ ಬಣ್ಣ ಬರಲ್ಲ ಸಿಸ್ಟರ್. ತಣ್ಣಗೆ ಕೂತ್ಮೇಲೇ ತಮ್ಮ ಬುದ್ಧಿ ತೋರಿಸ್ತವೆ,” ಎಂಬ ಉತ್ತರ. ಅಲ್ಲಿಯವರೆಗೆ ರಿಪೋರ್ಟಿಗಾಗಿ ಡಾಕ್ಟರಿಂದ ಬೈಸಿಕೊಳ್ಳುವವಳು ನಾನು.

ಕಳೆದ ವರ್ಷ ಏಳು ತಿಂಗಳಿಗೇ ಹುಟ್ಟಿದ ಒಂದು ಹೆಣ್ಣುಮಗು ನಮ್ಮ ವಾರ್ಡಿಗೆ ಬಂತು. ಒಂದು ಕೆಜಿ ಇನ್ನೂರು ಗ್ರಾಂ ತೂಕ. ಹನ್ನೆರಡನೇ ದಿನ ಅದರ ಮೈ ತಣ್ಣಗಾಗಿ, ಉಸಿರು ನಡುನಡುವೆ ನಿಲ್ಲತೊಡಗಿತು. ನಾನೇ ರಕ್ತ ತೆಗೆದು ಲ್ಯಾಬಿಗೆ ಕಳಿಸಿದೆ. ಡಾಕ್ಟರು ಔಷಧಿ ಶುರುಮಾಡಿದರು. ಮರುದಿನ ಮಧ್ಯಾಹ್ನ ಫೋನು ಬಂತು.

“ಏನೋ ಬೆಳೀತಿದೆ ಸಿಸ್ಟರ್. ಸೆರೇಶಿಯಾ ಥರ ಕಾಣ್ತಿದೆ. ಇನ್ನೊಂದ್ಸಲ ರಕ್ತ ಕಳ್ಸಿ.”

ಮಕ್ಕಳ ಡಾಕ್ಟರು ಕೇಳಿ ನಕ್ಕರು. “ಅದು ಸಿಂಕಲ್ಲಿ, ಒದ್ದೆ ನೆಲದಲ್ಲಿ ಇರೋ ಬ್ಯಾಕ್ಟೀರಿಯಾ. ರಕ್ತ ತೆಗೆಯೋವಾಗ ನಿಮ್ಮೋರು ಚರ್ಮ ಸರಿಯಾಗಿ ಒರೆಸಿಲ್ಲ, ಅಷ್ಟೇ.”

ನಮ್ಮೋರು! ನನಗೆ ಮೈಯೆಲ್ಲ ಉರಿಯಿತು. ಡಾಕ್ಟರಿಗೆ ಎದುರಾಡುವಂತಿಲ್ಲ, ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಸೀದಾ ಲ್ಯಾಬಿಗೆ ನಡೆದೆ.

“ಆ ಮಗು ಮೈಯಲ್ಲಿ ಇರೋ ರಕ್ತಾನೇ ಅರ್ಧ ಲೋಟ. ಎಷ್ಟು ಸಲ ಅಂತ ಚುಚ್ಚೋದು ಮೇಡಂ? ನಿಮಗೇನು, ಪ್ಲೇಟಿಗೆ ನೋವಾಗುತ್ತಾ?”

ಆಕೆ ತಲೆ ಎತ್ತಲಿಲ್ಲ. “ಒಂದು ಸಲ ಕಂಡೋರು ನೆಂಟರಿರಬಹುದು. ಎರಡನೇ ಸಲಾನೂ ಅವರೇ ಬಾಗಿಲು ತೆಗೆದ್ರೆ ಮನೇಲೇ ಇದ್ದಾರೆ ಅಂತ ಅರ್ಥ. ಗಟ್ಟಿಮುಟ್ಟಾಗಿರೋರ ತಂಟೆಗೆ ಇದು ಹೋಗಲ್ಲ ಸಿಸ್ಟರ್. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲ, ಆ ಬುದ್ಧಿ ಇದರದ್ದು. ನಿಜವಾಗ್ಲೂ ಇದೇ ಆಗಿದ್ರೆ, ಈಗ ಕೊಡ್ತಿರೋ ಔಷಧಿಗೆ ಜಗ್ಗಲ್ಲ. ಮಗು ಉಳಿಯಲ್ಲ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಹಾಗೆಂದುಕೊಂಡರೂ ಕೊನೆಯ ಮಾತು ಎದೆಯಲ್ಲಿ ಕೂತಿತು. ಸಂಜೆ ಮತ್ತೆ ಚುಚ್ಚಿದೆ. ಪಕ್ಕದಲ್ಲೇ ನಿಂತು, “ಸ್ಪಿರಿಟ್ ಆರ್ಲಿ, ಇನ್ನೂ ಆರ್ಲಿ,” ಎಂದು ಆಕೆ ನನ್ನ ತಲೆ ತಿಂದಳು. ಆ ಎರಡನೇ ರಕ್ತದಲ್ಲೂ ಅದೇ ಬೆಳೆಯಿತು. ಅಷ್ಟರಲ್ಲಿ ಮೇಜಿನ ಮೇಲೆ ಕೂತಿದ್ದ ಮೊದಲ ಪ್ಲೇಟಿನ ಚುಕ್ಕೆಗಳು ಇಟ್ಟಿಗೆಯ ಹಾಗೆ ಕೆಂಪಾಗಿದ್ದವು, ಸೆರೇಶಿಯಾದ ಗುರುತೇ ಆ ಬಣ್ಣವಂತೆ. ಡಾಕ್ಟರು ಔಷಧಿ ಬದಲಾಯಿಸಿದರು.

ಅಲ್ಲಿಗೆ ಸುಮ್ಮನಾಗಬಾರದೆ? ಮರುದಿನ ಬೆಳಿಗ್ಗೆ ಹತ್ತಿ ಕಡ್ಡಿಗಳ ಟ್ರೇ ಹಿಡಿದು ನನ್ನ ವಾರ್ಡಿಗೇ ಬಂದಳು. “ಸಿಂಕು ತಾನಾಗೇ ಮಗು ಹತ್ರ ನಡ್ಕೊಂಡು ಬಂತಾ? ಎಲ್ಲಿಂದ ಬಂತು ಅಂತ ನೋಡ್ಬೇಕು.” ನಲ್ಲಿ ಒರೆಸಿದಳು, ತೂಕದ ತಟ್ಟೆ ಒರೆಸಿದಳು, ಕೊನೆಗೆ ನನ್ನ ಜೇಬಿನ ಪೆನ್ನನ್ನೂ ಬಿಡಲಿಲ್ಲ. ನನ್ನ ಸಹನೆಯ ಕಟ್ಟೆ ಒಡೆಯಿತು.

“ನನ್ನ ವಾರ್ಡು ನಿಮ್ಮ ಲ್ಯಾಬಿಗಿಂತ ಚೊಕ್ಕಟ ಕಣ್ರೀ. ಯಾರೇ ಒಳಗೆ ಬಂದ್ರೂ ಎರಡು ಸಲ ಸೋಪು ಹಾಕಿ ಕೈ ತೊಳೀಲೇಬೇಕು. ಆ ಮಗು ತಾಯೀನ ಕೇಳಿ, ದಿನಾ ಎಷ್ಟು ಗದರ್ತೀನಿ ಅಂತ.”

“ಹಾಗಾದ್ರೆ ಸೋಪೂ ಕೊಡಿ.”

“ಸೋಪಲ್ಲಿ ಬ್ಯಾಕ್ಟೀರಿಯಾ ಹುಡುಕೋ ಪುಣ್ಯಾತ್ಗಿತ್ತಿ ನೀವೊಬ್ರೇ!” ಎಂದು ನಕ್ಕು, ಸಿಂಕಿನ ಮೇಲಿದ್ದ ಸೋಪಿನ ಬಾಟಲಿಯನ್ನು ಆಕೆಯ ಟ್ರೇಗೆ ಕುಕ್ಕಿದೆ.

ಮೂರು ದಿನ ಕಳೆದು ಒಂದು ಪ್ಲೇಟನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಅದರ ತುಂಬ ಅದೇ ಕೆಂಪು ಚುಕ್ಕೆಗಳು.

“ನಿಮ್ಮ ಸೋಪಿನ ಬಾಟಲೀದು. ಸ್ಟೋರಲ್ಲಿರೋ ಹೊಸ ಕ್ಯಾನಿಂದೂ ನೋಡ್ದೆ, ಅದರಲ್ಲಿ ಏನೂ ಇಲ್ಲ. ಬಾಟಲೀನ ಹೇಗೆ ತುಂಬಿಸ್ತೀರಿ?”

ಹೇಗೆ ಅಂದರೆ? ಎಲ್ಲರೂ ಮನೆಯಲ್ಲಿ ಶಾಂಪೂ ಬಾಟಲಿಗೆ ಮಾಡುವ ಹಾಗೆ. ತಳದಲ್ಲಿ ಉಳಿದದ್ದು ದಂಡವಾಗಬಾರದೆಂದು ಸ್ವಲ್ಪ ನೀರು ಹಾಕಿ ಅಲ್ಲಾಡಿಸುವುದು, ಅದರ ಮೇಲೆ ಹೊಸದು ಸುರಿಯುವುದು. ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿದ್ದು ಯಾವಾಗ ಎಂದರೆ ನನಗೆ ನೆನಪೇ ಇಲ್ಲ. ಇದು ನನ್ನ ವಾರ್ಡಿನ ನಿಯಮ. ಮಾಡಿದವಳು ನಾನು, ಹೊಸ ನರ್ಸುಗಳಿಗೆ ಜಂಬದಿಂದ ಕಲಿಸಿದವಳೂ ನಾನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

“ರಿಪೋರ್ಟಲ್ಲಿ ಏನಂತ ಬರೀತೀರಿ?” ಎಂದೆ.

“ಇದ್ದಿದ್ದೇ ಬರೀತೀನಿ. ಬಾಟಲಿ ತುಂಬೋ ರೀತಿ ತಪ್ಪು ಅಂತ.”

“ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದ್ರೆ?”

“ಕೇಳಿದ್ರೆ ಹೇಳ್ತೀನಿ ಸಿಸ್ಟರ್.”

ಹತ್ತೊಂಬತ್ತು ವರ್ಷದ ಪರಿಚಯಕ್ಕೆ ಒಂದು ಹುಲ್ಲುಕಡ್ಡಿಯಷ್ಟು ದಾಕ್ಷಿಣ್ಯವಿಲ್ಲ! ಆ ಕ್ಷಣ ಆಕೆಯನ್ನು ಕಂಡರೆ ನನಗೆ ಎಷ್ಟು ದ್ವೇಷ ಬಂತೆಂದರೆ, ಅದು ಆಕೆಯ ಮೇಲಿನದಲ್ಲ ಎಂದು ತಿಳಿಯಲು ಒಂದು ರಾತ್ರಿ ಬೇಕಾಯಿತು. ಬೆಳಿಗ್ಗೆ ಬಂದವಳೇ ವಾರ್ಡಿನ ಸೋಪಿನ ಬಾಟಲಿಗಳನ್ನೆಲ್ಲ ಕಸಕ್ಕೆ ಹಾಕಿಸಿದೆ. ಉಳಿದ ಮಕ್ಕಳ ರಕ್ತವನ್ನೂ ಕಳಿಸಿದೆ. ಯಾರಿಗೂ ತಗುಲಿರಲಿಲ್ಲ.

ಹೊಸ ಔಷಧಿಯ ಐದನೇ ದಿನಕ್ಕೆ ಮಗುವಿನ ಮೈ ಬೆಚ್ಚಗಾಯಿತು. ಉಸಿರು ಒಂದೇ ಸಮನೆ ಆಡತೊಡಗಿತು. ಆದರೆ ತಾಯಿ ಮಾತ್ರ ಹತ್ತಿರ ಬರಲೊಲ್ಲಳು. ಸೋಂಕು ಕೈಯಿಂದ ಬಂದಿದ್ದು ಎಂದು ಯಾರೋ ಕಿವಿಗೆ ಹಾಕಿದ್ದರು. ಆಕೆ ಗೋಡೆಗೆ ಒರಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ದೂರದಿಂದಲೇ ಮಗಳನ್ನು ನೋಡುತ್ತ ನಿಲ್ಲುತ್ತಿದ್ದಳು. ಒಂದು ದಿನವಲ್ಲ, ಮೂರು ದಿನ. ನಾನು ಕಂಡೂ ಕಾಣದವಳಂತೆ ಓಡಾಡಿದೆ.

ಸ್ಯಾಂಪಲ್ ಒಯ್ಯಲು ಬಂದ ಮೇಡಂ ಅದನ್ನು ನೋಡಿದಳು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, “ನೀವು ಹೇಳ್ತೀರೋ, ನಾನು ಹೇಳ್ಲೋ?”

ನಾನೇ ಹೋದೆ. “ನಿನ್ನ ಕೈದಲ್ಲಮ್ಮ ತಪ್ಪು. ಸೋಪೇ ಕೆಟ್ಟಿತ್ತು. ಅದನ್ನ ಹಾಗೆ ತುಂಬಿಸಿಟ್ಟಿದ್ದು ನಾನು. ನಿನ್ನ ಗದರಿ ಗದರಿ ಅದರಲ್ಲೇ ಕೈ ತೊಳಿಸಿದ್ದೂ ನಾನೇ.”

ಬೈಯಲಿ ಎಂದು ಕಾದೆ. ನಾಲ್ಕು ಜನರ ಮುಂದೆ ಉಗಿಯಲಿ ಎಂದು ನಿಜವಾಗಿಯೂ ಬಯಸಿದೆ. ಅವಳು ಕೈಗಳನ್ನು ನಿಧಾನವಾಗಿ ಮುಂದಕ್ಕೆ ತಂದು ನೋಡಿಕೊಂಡಳು.

“ಹಾಗಾದ್ರೆ,” ಎಂದಳು, “ಇವಳನ್ನ ಈಗ ಮುಟ್ಟಬಹುದಾ ಸಿಸ್ಟರ್?”