ಬೀಳಲಿ ಎಂದು ಕಾದವಳು

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹದಿಮೂರು ವರ್ಷ ಸರ್ವರ್ ಕಾದವಳನ್ನು ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಕೈಗುಣದಕ್ಕ. ಹದಿನಾಲ್ಕು ಶಾಖೆಗಳ ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂಬುದೆಲ್ಲ ಆ ಒಂದೇ ಯಂತ್ರದ ಹೊಟ್ಟೆಯಲ್ಲಿತ್ತು. ಅದು ತಿಂಗಳಿಗೆ ಒಂದೋ ಎರಡೋ ಸಲ ಕೆಮ್ಮದೆ ಕ್ಯಾಕರಿಸದೆ ಗೊಟಕ್ಕೆನ್ನುತ್ತಿತ್ತು. ಪರದೆ ಕಪ್ಪು, ಎಲ್ಲ ಶಾಖೆಗಳಲ್ಲೂ ಉದ್ದುದ್ದ ಸಾಲು. ಯಾರಾದರೂ ಓಡಿ ಬಂದು ಗುಂಡಿ ಒತ್ತಿದರೆ ಏನೂ ಆಗೇ ಇಲ್ಲವೆಂಬಂತೆ ಎದ್ದು ಕೂರುತ್ತಿತ್ತು. ಯಾಕೆ ಬಿದ್ದೆ ಎಂದು ಹುಡುಕಿದರೆ ಒಂದಕ್ಷರ ಸಿಗುತ್ತಿರಲಿಲ್ಲ.

ಇಬ್ಬರ ಪಾಳಿ ಅದು. ಒಂದು ದಿನ ಅಕ್ಕ, ಮರುದಿನ ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಸಹೋದ್ಯೋಗಿ. ಅವರನ್ನು ಅವಳು ಅಣ್ಣ ಎಂದೇ ಕರೆಯುತ್ತಿದ್ದಳು. ಎರಡು ವರ್ಷದಲ್ಲಿ ಸರ್ವರ್ ಮೂವತ್ತೊಂದು ಸಲ ಬಿದ್ದಿತ್ತು, ಮೂವತ್ತೊಂದೂ ಅಕ್ಕನ ದಿನವೇ. ಅಣ್ಣನ ದಿನ ಅದು ಕಲ್ಲುಗುಂಡಿನ ಹಾಗೆ ಗಟ್ಟಿ. "ನಿನ್ನ ಕೈಗುಣ ಕಣಮ್ಮ, ಬೇಜಾರು ಮಾಡ್ಕೋಬೇಡ" ಎಂದು ಅಣ್ಣ ಮೊದಲು ತಮಾಷೆಗೆ ಹೇಳಿದ್ದು. ತಮಾಷೆ ಮಹಡಿ ಹತ್ತುತ್ತಾ ಹತ್ತುತ್ತಾ ಸತ್ಯವಾಗಿಬಿಟ್ಟಿತು. ಕೆಟ್ಟದ್ದೇನೆಂದರೆ, ಅಕ್ಕ ಕೂಡ ನಂಬತೊಡಗಿದ್ದಳು. ತಂಗಿಯ ಹಸುಗೂಸನ್ನು ಎತ್ತಿಕೊಳ್ಳಲು ಹೋಗಿ, ಯಾಕೆ ಬೇಕು ಎಂದು ಎರಡು ಸಲ ಕೈ ಹಿಂದೆ ತೆಗೆದುಕೊಂಡಿದ್ದಳು.

ಮೂವತ್ತೊಂದನೆಯ ಸಲ ಬಿದ್ದಾಗ ದೊಡ್ಡ ಸಾಹೇಬರು, ಅಂದರೆ ಮುಖ್ಯ ಗ್ರಂಥಪಾಲಕರು, ಅವಳನ್ನು ಕರೆಸಿದರು. "ಮೂರು ವಾರ ನೀವು ಯಾವುದನ್ನೂ ಮುಟ್ಟಬೇಡಿ. ನಿಮ್ಮ ಜೊತೆಯವರೇ ಎಲ್ಲಾ ನೋಡ್ಕೊಳ್ಲಿ. ಆಗ್ಲೂ ಬಿದ್ರೆ ಯಂತ್ರದ ತಪ್ಪು. ಬೀಳ್ಲಿಲ್ಲ ಅಂದ್ರೆ ನೀವು ಬೈಂಡಿಂಗ್ ವಿಭಾಗಕ್ಕೆ ಹೋಗ್ಬಿಡಿ, ನಿಮಗೂ ನೆಮ್ಮದಿ."

ಬೈಂಡಿಂಗಿನ ಅಂಟು, ಸೂಜಿ, ದಾರ ಕೆಟ್ಟವೇನಲ್ಲ. ಆದರೆ ಹೀಗೆ ಹೋದರೆ ಕೈಗುಣದ ಮಾತಿಗೆ ಮೊಹರು ಬಿದ್ದ ಹಾಗೆ. ಅಕ್ಕ ಕೇಳಿದಳು: "ಆಗ್ಲಿ ಸರ್. ಅದಕ್ಕೆ ಮೊದ್ಲು ಒಂದೇ ಒಂದು ಕೆಲಸ ಮಾಡೋಕೆ ಬಿಡಿ."

ಆ ಕೆಲಸ ಇಷ್ಟು. ಸರ್ವರ್ ಬಿದ್ದ ಕ್ಷಣದಲ್ಲಿ ಅದರ ನೆನಪಿನಲ್ಲಿ ಏನೇನಿತ್ತೋ ಅದನ್ನು ಡಿಸ್ಕಿಗೆ ಬರೆದಿಡುವ ಏರ್ಪಾಡು ಆಪರೇಟಿಂಗ್ ಸಿಸ್ಟಮಿನಲ್ಲೇ ಇರುತ್ತದೆ. ಕ್ರ್ಯಾಶ್ ಡಂಪ್ ಎನ್ನುತ್ತಾರೆ. ಹದಿಮೂರು ವರ್ಷದ ಹಿಂದೆ ಯಂತ್ರ ಕೂರಿಸಿದವರು ಡಿಸ್ಕಿನಲ್ಲಿ ಜಾಗವಿಲ್ಲವೆಂದು ಅದನ್ನು ಮುಚ್ಚಿಟ್ಟು ಹೋಗಿದ್ದರು. ಆಮೇಲೆ ಅಕ್ಕನೂ ಸೇರಿ ಯಾರೂ ಆ ಕಡೆ ತಲೆ ಹಾಕಿರಲಿಲ್ಲ.

ಮನೆಯಲ್ಲಿ ಪತ್ತೇದಾರಿ ಕಾದಂಬರಿಗಳನ್ನೇ ಉಸಿರಾಡುವ ಅತ್ತೆಗೆ ಇದನ್ನು ವಿವರಿಸಲು ಎರಡೇ ಮಾತು ಸಾಕಾಯಿತು.

"ಸಾಯೋವಾಗ ಕೊಡೋ ಹೇಳಿಕೆ ಇದ್ದ ಹಾಗೆ ಅತ್ತೆ. ಇಷ್ಟು ದಿನ ಬರ್ಕೊಳ್ಳೋರೇ ಇರ್ಲಿಲ್ಲ."

"ಹೇಳಿಕೆ ಇಲ್ದೆ ಮೂವತ್ತೊಂದು ಸಾವು, ಅಪವಾದ ನಿನ್ನ ತಲೆ ಮೇಲೆ" ಎಂದರು ಅತ್ತೆ, ಕನ್ನಡಕ ಮೇಲೇರಿಸಿ. "ನಿಮ್ಮ ಸಾಹೇಬರು ಪುಸ್ತಕ ಓದೋದೇ ಇಲ್ವೇನೆ?"

ರಜೆಯ ದಿನ ಬೆಳಿಗ್ಗೆ ಅಕ್ಕ ಒಬ್ಬಳೇ ನೆಲಮಾಳಿಗೆಗೆ ಇಳಿದಳು. ದೊಡ್ಡ ವ್ಯವಸ್ಥೆ ಸತ್ತಾಗ ಎದ್ದು ಬರೆಯಲೆಂದು ಒಂದು ಪುಟ್ಟ ವ್ಯವಸ್ಥೆ ಬೇಕು, ಅದಕ್ಕೆ ಮೆಮೊರಿಯಲ್ಲಿ ಒಂದು ಚೂರು ಮೀಸಲಿಟ್ಟಳು. ಬರೆದದ್ದಕ್ಕೆ ಜಾಗ ಬೇಕಲ್ಲ, ಸ್ಕ್ಯಾನಿಂಗ್ ಕೋಣೆಯಲ್ಲಿ ಮೂಲೆ ಸೇರಿದ್ದ ಕಂಪ್ಯೂಟರಿನಿಂದ ಡಿಸ್ಕ್ ಬಿಚ್ಚಿ ತಂದು ಜೋಡಿಸಿದಳು. ಇನ್ನು ಪರೀಕ್ಷೆ. ಅದಕ್ಕೆ ಇರುವುದು ಒಂದೇ ದಾರಿ, ತಾನೇ ಕೈಯಾರೆ ಸರ್ವರನ್ನು ಬೀಳಿಸುವುದು. ಎರಡು ವರ್ಷ ಬೈಸಿಕೊಂಡದ್ದನ್ನು ಮೊದಲ ಸಲ ಬೇಕೆಂದೇ ಮಾಡುತ್ತಿದ್ದೇನಲ್ಲ ಎಂದು ಅವಳಿಗೆ ನಗು ಒತ್ತರಿಸಿಕೊಂಡು ಬಂತು. ಆದೇಶ ಕೊಟ್ಟಳು, ಸರ್ವರ್ ನೆಗೆದುಬಿತ್ತು. ಎದ್ದ ಮೇಲೆ ನೋಡಿದರೆ ಹೇಳಿಕೆ ಅರ್ಧಕ್ಕೇ ನಿಂತಿತ್ತು. ಹೊಸ ಡಿಸ್ಕಿನ ವಿಳಾಸ ಹೇಳುವುದನ್ನೇ ಅವಳು ಮರೆತಿದ್ದಳು, ಪಾಪ ಅದು ಹಳೆಯ ಇಕ್ಕಟ್ಟಿನಲ್ಲೇ ತುರುಕಲು ನೋಡಿತ್ತು. ವಿಳಾಸ ತಿದ್ದಿ, ಮೆಮೊರಿಯ ಖಾಲಿ ಪುಟಗಳನ್ನು ಬಿಟ್ಟು ಬರೆ ಎಂದು ಹೇಳಿ, ಮತ್ತೆ ಬೀಳಿಸಿದಳು. ಈ ಸಲ ಇಡೀ ಹೇಳಿಕೆ ಬಂತು. ಅಕ್ಕ ಕುರ್ಚಿಯಲ್ಲೇ ಮೂರು ಸುತ್ತು ತಿರುಗಿದಳು.

ಇನ್ನು ಅದು ತಾನಾಗಿ ಒಂದು ಸಲ ಬಿದ್ದರಾಯಿತು. ಆದರೆ ಆ ಯಂತ್ರ ಜಪ್ಪಯ್ಯ ಎಂದರೂ ಬೀಳಲಿಲ್ಲ. ಒಂದು ವಾರವಾಯಿತು, ಎರಡಾಯಿತು. ಅಣ್ಣ ದಿನವೂ ಬಂದು, ರಿಜಿಸ್ಟರಿಗೆ ಸಹಿ ಹಾಕಿ, ಚಹಾ ಕುಡಿದು, "ಎಷ್ಟು ಶಾಂತವಾಗಿದೆ ನೋಡು" ಎನ್ನುತ್ತಿದ್ದರು. ಅಕ್ಕ ಕೈ ಕಟ್ಟಿಕೊಂಡು ಮೂಲೆಯಲ್ಲಿ ಕೂತು, ಬೀಳೋ ಮಹರಾಯ, ಒಂದೇ ಒಂದು ಸಲ ಬಿದ್ದುಬಿಡೋ ಎಂದು ಒಳಗೊಳಗೇ ದಮ್ಮಯ್ಯಗುಡ್ಡೆ ಹಾಕುತ್ತಿದ್ದಳು. ಇಡೀ ಕಟ್ಟಡದಲ್ಲಿ ಸರ್ವರಿನ ಸಾವನ್ನು ಬಯಸುತ್ತಿದ್ದವಳು ಅವಳೊಬ್ಬಳೇ. ಸಂಜೆ ಬಾಗಿಲು ತೆರೆಯುವ ಮುಂಚೆಯೇ ಅತ್ತೆ ಒಳಗಿನಿಂದ "ಬಿತ್ತಾ?" ಎನ್ನುತ್ತಿದ್ದರು. ಅವಳು ಇಲ್ಲ ಎಂದರೆ, ಕೊಲೆಯೇ ಆಗದ ಕಾದಂಬರಿ ಕೊಂಡವರಂತೆ ಮುಖ ಮಾಡುತ್ತಿದ್ದರು.

ಮೂರನೆಯ ವಾರದ ಕೊನೆಯ ದಿನ ಬೈಂಡಿಂಗಿನ ಆದೇಶ ಟೈಪಾಗಿ ಬಂದೇಬಿಟ್ಟಿತು. ಹೋಗುವ ಮುಂಚೆ ಕೆಲಸ ಒಪ್ಪಿಸಬೇಕು. ಪಟ್ಟಿಯ ಪ್ರತಿಯೊಂದನ್ನೂ ಒಂದು ಸಲ ಮಾಡಿ ತೋರಿಸುವುದು, ಅಣ್ಣ ಸಹಿ ಹಾಕುವುದು. ಹನ್ನೊಂದನೆಯದು ಟೇಪು ತಪಾಸಣೆ. ಹಿಂದಿನ ದಿನದ ನಕಲು ತುಂಬಿದ ಟೇಪನ್ನು ಬೀರುವಿನಿಂದ ತೆಗೆದು, ಯಂತ್ರಕ್ಕೆ ಹಾಕಿ, ಸರಿಯಾಗಿ ಓದುತ್ತದೆಯೇ ಎಂದು ನೋಡುವುದು. ಇಬ್ಬರೂ ತಮ್ಮ ತಮ್ಮ ಪಾಳಿಯಲ್ಲಿ ತಪ್ಪದೆ ಮಾಡುವ ಕೆಲಸವೆಂದು ರಿಜಿಸ್ಟರ್ ಹೇಳುತ್ತಿತ್ತು, ಹಾಗಾಗಿ ಯಾರೂ ಅದರ ಮೇಲೆ ಅನುಮಾನ ಪಟ್ಟಿರಲಿಲ್ಲ. ಬೀಳ್ಕೊಡುಗೆಯ ಚಹಾ, ಅಳು, ನಗು ಎಲ್ಲ ಮುಗಿಯುವಾಗ ಎರಡೂ ಮುಕ್ಕಾಲು. ಅಕ್ಕ ಟೇಪು ಹಾಕಿದಳು. ಸರಿಯಾಗಿ ಮೂರು ಗಂಟೆಗೆ ಪರದೆ ಕಪ್ಪಾಯಿತು.

"ಬಿತ್ತು" ಎಂದಳು ಅಕ್ಕ. ಕಣ್ಣಲ್ಲಿ ನೀರು, ಮುಖದ ತುಂಬ ಹಲ್ಲು.

ಅಣ್ಣ ರೂಢಿಯಂತೆ ಗುಂಡಿಯ ಕಡೆಗೆ ಕೈ ಚಾಚಿದರು. ಗುಂಡಿ ಒತ್ತಿದರೆ ಬರೆಯುತ್ತಿರುವುದೆಲ್ಲ ಅಳಿಸಿಹೋಗುತ್ತದೆ. ಅಕ್ಕ ಎರಡೂ ತೋಳು ಅಗಲಿಸಿ ಸರ್ವರಿಗೆ ಬೆನ್ನು ಕೊಟ್ಟು ನಿಂತಳು. ಸಾಹೇಬರು ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬಂದರು.

"ಎಬ್ಬಿಸ್ರೀ ಅದನ್ನ. ಮೇಲೆ ಜನ ಬಯ್ತಿದಾರೆ."

"ಹತ್ತು ನಿಮಿಷ ಸರ್. ಅದು ಬರೀತಿದೆ."

"ಏನು ಬರೀತಿದೆ?"

"ಯಾಕೆ ಸತ್ತೆ ಅಂತ."

ಹದಿಮೂರು ವರ್ಷದಲ್ಲಿ ಅಕ್ಕ ಸಾಹೇಬರ ಮಾತು ಮೀರಿದ್ದು ಅದೊಂದೇ ಸಲ. ಜಾಗ ಬಿಟ್ಟು ಕದಲಲಿಲ್ಲ. ಸರ್ವರ್ ತಾನಾಗಿಯೇ ಎದ್ದಾಗ ಹೊಸ ಡಿಸ್ಕಿನಲ್ಲಿ ಹೇಳಿಕೆ ಪೂರ್ತಿ ಕೂತಿತ್ತು. ಅವಳು ಅದನ್ನು ತೆರೆದು, ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಟೇಪು ಓದಿಸುವ ತಂತ್ರಾಂಶ ನಡೆಯುತ್ತಿದೆ. ಅದೇ ಹೊತ್ತಿಗೆ, ಎರಡು ವರ್ಷದ ಹಿಂದೆ ಶುರುವಾದ, ಗಂಟೆಗೊಮ್ಮೆ ಬರುವ ಶಾಖೆಗಳ ಪಟ್ಟಿ ಬಂದಿದೆ. ಎರಡೂ ಮೆಮೊರಿಯ ಒಂದೇ ಜಾಗಕ್ಕೆ ಕೈ ಹಾಕಿವೆ, ಸರ್ವರ್ ಸತ್ತಿದೆ. ತಪಾಸಣೆ ಗಂಟೆ ಬಾರಿಸುವ ಮುಂಚೆ ಮುಗಿದ ದಿನ ಏನೂ ಆಗುತ್ತಿರಲಿಲ್ಲ, ತಡವಾದ ದಿನ ಬೀಳುತ್ತಿತ್ತು. ಅಷ್ಟೇ.

ಸಾಹೇಬರು ಹಣೆ ಉಜ್ಜಿಕೊಂಡು ಅಣ್ಣನ ಕಡೆ ತಿರುಗಿದರು. "ಟೇಪು ನೀವೂ ನೋಡ್ತೀರಲ್ಲ. ನಿಮ್ಮ ದಿನ ಒಂದ್ಸಲಾನೂ ಯಾಕೆ ಬೀಳ್ಲಿಲ್ಲ?"

ಅಣ್ಣ ರಿಜಿಸ್ಟರಿನಲ್ಲಿದ್ದ ತಮ್ಮ ಸಹಿಗಳನ್ನು ನೋಡಿದರು. ಅದೃಷ್ಟ ಸರ್ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರಿಜಿಸ್ಟರ್ ಮುಚ್ಚಿಟ್ಟು, ಸಾಹೇಬರಿಗಲ್ಲ, ಅಕ್ಕನಿಗೆ ಹೇಳಿದರು: "ನಾನು ಆ ಬೀರು ತೆಗೆದು ಎರಡು ವರ್ಷ ಆಯ್ತಮ್ಮ. ಬರೀ ಸಹಿ ಹಾಕ್ತಿದ್ದೆ."

ಅಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಎರಡು ವರ್ಷ ಹಿಡಿದಿಟ್ಟ ನಗು, ತಡೆಯಲಾಗದೆ ಕುರ್ಚಿ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, ಇನ್ನೊಂದು ಟೇಪು ತಂದು ಅಣ್ಣನ ಕೈಗಿಟ್ಟಳು. "ತಂತ್ರಾಂಶ ಮಾಡಿದ ಕಂಪನಿಯವರು ಎರಡು ಡಂಪ್ ಕೇಳ್ತಾರೆ ಅಣ್ಣ. ನಾಲ್ಕು ಗಂಟೆಗೆ ಇನ್ನೊಂದ್ಸಲ ಬೀಳಿಸ್ಬೇಕು. ಇದು ನೀವೇ ಹಾಕಿ."

ಸಾಹೇಬರು ಆದೇಶದ ಕಾಗದವನ್ನು ಮಡಚಿ ಜೇಬಿಗಿಳಿಸಿ, ಸ್ಟೂಲು ಎಳೆದುಕೊಂಡು ಕೂತರು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಅಣ್ಣ ಟೇಪು ಹಾಕಿದರು. ಅಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ದೂರದಲ್ಲಿ ಕೂತಳು. ನಾಲ್ಕು ಹೊಡೆಯಿತು, ಪರದೆ ಕಪ್ಪಾಯಿತು.

ಮೇಲಿನಿಂದ ಯಾರೋ ಮೆಟ್ಟಿಲ ಬಳಿ ಬಂದು ಕೂಗಿದರು. "ಮತ್ತೆ ಬಿತ್ತು. ಇವತ್ತು ಯಾರ್ರೀ ಮುಟ್ಟಿದ್ದು?"

ಅಣ್ಣ ಎದ್ದು ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ನಾನು" ಎಂದರು.