ಕೊಟ್ಟೂರಿನ ಸಣ್ಣ ಹಾಲಿಗೆ ಅಗಲದ ಲೆನ್ಸು

ನಿವೃತ್ತಿಯಾದ ಮೇಲೆ ನಾನು ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿ ದುಡಿದವನು. ಬೇಗ ಏಳುವ ಚಟ ಬಿಡಲಿಲ್ಲ, ಎದ್ದು ಮಾಡುವುದಕ್ಕೆ ಕೆಲಸ ಬೇಕಿತ್ತು. ಸೂರ್ಯ ಹುಟ್ಟುವ ಮೊದಲು ಸ್ನಾನ, ಆಮೇಲೆ ಲೆನ್ಸು ಒರೆಸುವುದು, ಆಮೇಲೆ ಹಕ್ಕಿ. ಹಕ್ಕಿಗಳು ಮಾತ್ರ ವೇಳೆಗೆ ಸರಿಯಾಗಿ ಬರುತ್ತಿರಲಿಲ್ಲ. ಅವಕ್ಕೆ ಮೆಮೊ ಕೊಡುವ ಅಧಿಕಾರ ನನಗಿರಲಿಲ್ಲ.

ಈ ಕ್ರಮಕ್ಕೆ ಭಂಗ ತಂದವನು ನನ್ನ ಹೆಂಡತಿಯ ತಮ್ಮ. ಅವನಿಗೆ ಕೊಟ್ಟೂರಿನಲ್ಲಿ ಒಂದು ಸಣ್ಣ ಮದುವೆ ಹಾಲ್ ಇದೆ. ಊರ ಹೊರಗೆ ಎ.ಸಿ. ಇರುವ ದೊಡ್ಡ ಹಾಲ್ ಎದ್ದ ಮೇಲೆ ಇವನದನ್ನು ಕೇಳುವವರೇ ಇರಲಿಲ್ಲ. ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಗೋದಾಮಿಗೆ ಕೊಡು ಎಂದು ಬೆನ್ನು ಹತ್ತಿದ್ದರು. ಆ ವರ್ಷದ ಲಗ್ನದ ದಿನಗಳು ಮುಗಿಯುವುದರೊಳಗೆ ಒಂದಾದರೂ ಮದುವೆ ಬರದಿದ್ದರೆ ವಧೂವರರ ಜಾಗದಲ್ಲಿ ಚೀಲಗಳು ಕೂರುವುದು ಖಂಡಿತವಿತ್ತು.

"ಮಾಮಾ, ಮಂದಿ ಈಗ ಹಾಲ್ ನೋಡಾಂಗಿಲ್ರಿ, ಮೊಬೈಲ್‌ನಾಗ ಫೋಟೊ ನೋಡ್ತಾರ. ಚಲೋದೊಂದು ತಗದು ಕೊಡ್ರಿ," ಎಂದ.

ಹೋದೆ. ನನ್ನ ಲೆನ್ಸಿನಲ್ಲಿ ವೇದಿಕೆ ಬಂದರೆ ಕಿಟಕಿಗಳು ಬರುತ್ತಿರಲಿಲ್ಲ; ಕಿಟಕಿ ಬಂದರೆ ವೇದಿಕೆ ಅರ್ಧ. ಹಿಂದೆ ಸರಿಯುತ್ತಾ ಸರಿಯುತ್ತಾ ಬಾಗಿಲು ದಾಟಿ ಚರಂಡಿಯ ಅಂಚಿಗೆ ಬಂದೆ. ಅಲ್ಲಿಂದ ಬಾಗಿಲು ಬಹಳ ಚೆನ್ನಾಗಿ ಕಾಣುತ್ತಿತ್ತು. ಅಗಲ ನೋಟದ ಜೂಮ್ ಲೆನ್ಸಿಲ್ಲದೆ ಆಗದು ಎಂದು ತೀರ್ಮಾನವಾಯಿತು.

ವಾರವಿಡೀ ಯೂಟ್ಯೂಬಿನ ತಜ್ಞರನ್ನು ಕೇಳಿದೆ. ಅವರೆಲ್ಲ ಇಟ್ಟಿಗೆ ಗೋಡೆಗಳ ಫೋಟೊ ತೆಗೆದು, ಅದರ ಮೂಲೆಯನ್ನು ಹಿಗ್ಗಿಸಿ, ನಿಟ್ಟುಸಿರು ಬಿಡುತ್ತಿದ್ದರು. ಕಟ್ಟಿದ ಗೌಂಡಿಯೂ ಗೋಡೆಯನ್ನು ಅಷ್ಟು ಕಾಳಜಿಯಿಂದ ನೋಡಿರಲಾರ. ಕೊನೆಗೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ನಿಮ್ಮ ಅಗತ್ಯಕ್ಕೆ ತಕ್ಕುದನ್ನು ಕೊಳ್ಳಿ. ಅಷ್ಟು ನನಗೂ ಗೊತ್ತಿತ್ತು.

ಹರಪನಹಳ್ಳಿಯ ಕ್ಯಾಮೆರಾ ಅಂಗಡಿಯಲ್ಲಿ ನನ್ನ ಪಿಂಚಣಿಗೆ ನಿಲುಕುವ ಲೆನ್ಸುಗಳು ಎರಡೇ ಇದ್ದವು. ಅಂಗಡಿಯವರು ಎರಡನ್ನೂ ಮಗುವಿನಂತೆ ಎತ್ತಿ ತೋರಿಸಿದರು.

"ಸರ್, ಇದು ಹತ್ತು ಎಂಎಂನಿಂದ ಶುರು. ಅಂಕಿ ಸಣ್ಣದಾದಷ್ಟೂ ಜಾಸ್ತಿ ಅಗಲ ಕಾಣತೈತೆ. ಇಡೀ ಹರಪನಹಳ್ಳಿ ಒಂದೇ ಫೋಟೊದಾಗೆ ಬರತೈತೆ."

"ಇನ್ನೊಂದು?"

"ಅದೂ ಬೆಸ್ಟ್ ಸರ್. ಹದಿಮೂರರಿಂದ ಶುರು. ತೂಕ ಐತೆ, ಆದ್ರೆ ಬೆಳಕು ಕಮ್ಮಿ ಇದ್ರೂ ಚೆಂದ ಬರತೈತೆ."

"ಎರಡೂ ಬೆಸ್ಟ್ ಆದ್ರ ಕೆಟ್ಟದ್ದು ಯಾವುದಪಾ?"

"ಅದು ಎದುರಿನ ಅಂಗಡ್ಯಾಗೆ ಐತೆ ಸರ್."

ಹಳೆಯ ಪರಿಚಯದ ಮೇಲೆ ಎರಡನ್ನೂ ಒಂದು ದಿನಕ್ಕೆ ಕೊಟ್ಟರು. ನಾನು ಹಾಲಿನ ಬಾಗಿಲ ಬಳಿ ಸ್ಟ್ಯಾಂಡ್ ಊರಿ, ಕುರ್ಚಿಗಳನ್ನು ಸಾಲಾಗಿ ಹಾಕಿಸಿ, ದೀಪಗಳನ್ನೆಲ್ಲ ಹಚ್ಚಿಸಿ, ಒಂದೇ ಜಾಗದಿಂದ ಎರಡರಲ್ಲೂ ತೆಗೆದೆ.

ಹದಿಮೂರರ ಲೆನ್ಸಿನಲ್ಲಿ ಹಾಲ್ ಇದ್ದಂತೆ ಬಂತು: ಸಣ್ಣದು, ಸ್ವಚ್ಛ, ಗೋಡೆಗಳು ನೆಟ್ಟಗೆ. ಹತ್ತರ ಲೆನ್ಸಿನಲ್ಲಿ ವೇದಿಕೆ ದೂರಕ್ಕೆ ಓಡಿಹೋಗಿತ್ತು. ನಡುವೆ ಕ್ರಿಕೆಟ್ ಆಡುವಷ್ಟು ಬಯಲು. ಮೂಲೆಯ ಪ್ಲಾಸ್ಟಿಕ್ ಕುರ್ಚಿ ಅಗಲಕ್ಕೆ ಹಿಗ್ಗಿ ಸೋಫಾ ಆಗಿತ್ತು.

ಭಾಮೈದ ಬಹಳ ಹೊತ್ತು ನೋಡಿದ. "ಮಾಮಾ, ಇದು ನಮ್ದಾ ಏನ್ರಿ?"

"ಇದು ಸುಳ್ಳು. ಅದು ಖರೆ. ಹದಿಮೂರರದ್ದು ಇಟ್ಕೊಳ್ಳೋಣು."

"ಖರೇದನ್ನ ಯಾರು ಬುಕ್ ಮಾಡ್ತಾರ್ರಿ? ಖರೇದು ಖಾಲಿ ಬಿದ್ದೈತಿ ನೋಡ್ರಿ ಇಲ್ಲೆ!"

ಮನೆಗೆ ಬಂದು ಹೆಂಡತಿಯ ಮುಂದೆ ನ್ಯಾಯ ಇಟ್ಟೆ. ಅದು ನನ್ನ ಲೆಕ್ಕ ತಪ್ಪಿದ ಜಾಗ. ಆಕೆ ಅವನ ಅಕ್ಕ. "ಹಕ್ಕಿ ಫೋಟೊದಾಗ ಕರೆಂಟಿನ ತಂತಿ ಅಳಿಸ್ತೀರಲ್ಲ, ಅದು ಖರೇನು?" ಎಂದಳು. ಹದಿಮೂರರದ್ದು ಅಂಗಡಿಗೆ ಮರಳಿತು, ಹತ್ತರ ಲೆನ್ಸು ಮನೆಯಲ್ಲಿ ಉಳಿಯಿತು.

ಫೋಟೊದ ಕೆಳಗೆ ಎಷ್ಟು ಮಂದಿ ಕೂರಬಹುದೆಂದು ಬರೆ ಎಂದು ಭಾಮೈದನಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. 'ಅತ್ಯಂತ ವಿಶಾಲ' ಎಂದು ಬರೆದ.

ಕೆಲವೇ ದಿನಗಳಲ್ಲಿ ಹೂವಿನಹಡಗಲಿಯಿಂದ ಹೆಣ್ಣಿನ ಕಡೆಯವರು ಬಂದರು: ಹುಡುಗಿಯ ತಂದೆ ಮತ್ತು ಅವರ ಅಕ್ಕ. ಗಂಡಿನವರು ಕೂಡ್ಲಿಗಿಯವರಾದ್ದರಿಂದ ಇಬ್ಬರಿಗೂ ನಡುವಿನ ಊರು ಕೊಟ್ಟೂರು. ಭಾಮೈದ ಧೈರ್ಯಕ್ಕೆಂದು ನನ್ನನ್ನೂ ಕರೆಸಿದ್ದ. ಅಕ್ಕ ಒಳಗೆ ಬಂದು ಸುತ್ತ ಕಣ್ಣಾಡಿಸಿದರು.

"ಪಡಸಾಲಿ ಚಲೋ ಐತಿ. ಹಾಲ್ ಎಲ್ಲೈತ್ರಿ?"

ಭಾಮೈದ ಸೀಲಿಂಗ್ ಫ್ಯಾನು ನೋಡತೊಡಗಿದ. "ಇದಾ ಹಾಲ್ ರೀ, ಅಕ್ಕಾರ," ಎಂದೆ.

ಅವರು ಮೊಬೈಲ್ ನೋಡಿದರು, ಹಾಲ್ ನೋಡಿದರು. "ಮತ್ತ ಇದು?"

"ಅದೂ ಇದಾ ರೀ."

ತಂದೆಗೆ ಸಿಟ್ಟು ಬಂತು. "ಹಡಗಲಿಯಿಂದ ಇದನ್ನ ನೋಡಾಕ ಬಂದ್ವೇನ್ರಿ? ಬೀಗರ ಚಪ್ಪಲಿ ಸೈತ ಹಿಡಿಯಂಗಿಲ್ಲ ಇದ್ರಾಗ! ನಡಿಯಕ್ಕಾ."

ಭಾಮೈದನ ಮುಖದಲ್ಲಿ ಆಗಲೇ ಮೆಕ್ಕೆಜೋಳ ತುಂಬಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಕ್ಯಾಮೆರಾ ತೆಗೆದು, ಲೆನ್ಸು ತೋರಿಸಿ, ಇದು ಜಾಗವನ್ನು ಹಿಗ್ಗಿಸುತ್ತದೆ, ಅಂಚಿನಲ್ಲಿದ್ದವರನ್ನು ಅಗಲ ಮಾಡುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

ಅಕ್ಕ ಕ್ಯಾಮೆರಾ ಕೈಗೆ ತೆಗೆದುಕೊಂಡು ಪರದೆಯಲ್ಲಿ ಹಾಲನ್ನು ಒಂದು ಸುತ್ತು ನೋಡಿದರು. ತಮ್ಮನನ್ನು ಪರದೆಯ ಅಂಚಿಗೆ ತಂದು, ನಡುವಿಗೆ ತಂದು, ಮತ್ತೆ ಅಂಚಿಗೆ ತಂದರು.

"ನಮ್ಮ ಕಡಿಂದ ಮಂದಿ ಭಾಳ ಬರ್ತಾರೇನೋ ತಮ್ಮಾ?"

"ಎಲ್ಲಿ ಭಾಳ? ಮನಿ ಮಂದಿ, ಓಣಿ ಮಂದಿ, ಅಷ್ಟಾ."

"ಮತ್ತ ಹಿಡಿಸ್ತೈತಿ ಬಿಡು. ಬಂದವ್ರು ಊಟ ನೋಡ್ತಾರ, ಹಾಲ್ ನೋಡಂಗಿಲ್ಲ. ಬರದವ್ರು ಸ್ಟೇಟಸ್ ನೋಡ್ತಾರ. ಬರದವ್ರಾ ಹೆಚ್ಚದಾರ." ನನ್ನ ಕಡೆ ತಿರುಗಿದರು. "ಮದುವಿ ಫೋಟೊ ಇದ್ರಾಗಾ ತಗೀಬೇಕು, ನೀವಾ ತಗೀಬೇಕು. ಹೂಂ ಅಂದ್ರ ಹಾಲ್ ಹಿಡಿತೀವಿ."

ನಾನು ಹಕ್ಕಿಗಳ ಫೋಟೊ ಮಾತ್ರ ತೆಗೆಯುವವನು ಎಂದು ಹೇಳಲು ಬಾಯಿ ತೆರೆದೆ.

"ತಗೀತಾರ್ರಿ! ನಮ್ಮ ಮಾಮಾ ಟೈಮ್ ಅಂದ್ರ ಟೈಮ್!" ಎಂದು ಭಾಮೈದ ಕೂಗಿಯೇಬಿಟ್ಟ. ಅವರು ವೀಳ್ಯದೆಲೆ ಕೊಟ್ಟು ಇನ್ನೂ ಮೆಟ್ಟಿಲು ಇಳಿದಿರಲಿಲ್ಲ, ಅವನು ಆ ವ್ಯಾಪಾರಿಗೆ ಫೋನ್ ಮಾಡಿ, "ಹಾಲ್ ಖಾಲಿ ಇಲ್ರಿ," ಎನ್ನುತ್ತಿದ್ದ. ಅಷ್ಟು ಠೀವಿಯಿಂದ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮದುವೆಯ ದಿನ ಮುಹೂರ್ತಕ್ಕೆ ಬಹಳ ಮೊದಲೇ ಹೋಗಿ ನಿಂತೆ. ಹಾಲ್ ನಿಜವಾಗಿಯೂ ಕಿಕ್ಕಿರಿದಿತ್ತು. ಫೋಟೊದಲ್ಲಿ ಜಾತ್ರೆಯಂತೆ ಬಂತು. ಗುಂಪಿನ ಫೋಟೊಗೆ ಎತ್ತರದ ಪ್ರಕಾರ ಸಾಲು ಮಾಡಿಸಬೇಕೆಂದು ನಾನು ಮುಂದಾದರೆ ಅಕ್ಕ ಆ ಕೆಲಸವನ್ನು ಆಗಲೇ ಕೈಗೆ ತೆಗೆದುಕೊಂಡಿದ್ದರು. ತಮ್ಮವರನ್ನೆಲ್ಲ ನಡುವೆ ಒತ್ತೊತ್ತಾಗಿ ನಿಲ್ಲಿಸಿ, ಕೂಡ್ಲಿಗಿಯ ಬೀಗರನ್ನು ಕೈಹಿಡಿದು ಎರಡೂ ಕೊನೆಗೆ ನಡೆಸಿಕೊಂಡು ಹೋಗುತ್ತಿದ್ದರು.

"ದೊಡ್ಡವ್ರು ನೀವು, ಈ ಕಡೀಗೆ ಬರ್ರಿ. ಇಲ್ಲಿ ನಿಂತ್ರ ಎದ್ದು ಕಾಣ್ತೀರಿ."

ಬೀಗರು ಬೇಡ ಬೇಡ ಎನ್ನುತ್ತಲೇ, ಮರ್ಯಾದೆ ಸಿಕ್ಕ ಖುಷಿಯಲ್ಲಿ, ಅಂಚಿಗೆ ಹೋಗಿ ಎದೆ ಉಬ್ಬಿಸಿ ನಿಂತರು. ನಾನು ಕ್ಲಿಕ್ ಮಾಡಿದೆ.