ಕಾಲರಾ ಶಾಲೆಯ ಸಂಜೆಹಾಡು

ಮೊದಲೇ ಹೇಳಿಬಿಡುತ್ತೇನೆ: ಆ ಹಾಡು ನಿಲ್ಲಿಸಿದ ಕತ್ತೆ ನಾನೇ. ಕತ್ತೆಗಾದರೂ ತನ್ನದೇ ಒಂದು ದನಿ ಇರುತ್ತದೆ. ನನಗೆ ಅದೂ ಇರಲಿಲ್ಲ. ಕಾಂಪೌಂಡರ್ ಕೆಲಸಕ್ಕೆ ಸೇರಿದ ವಾರದೊಳಗೆ ಜೊತೆಗಿದ್ದವರೆಲ್ಲರ ದನಿಯೂ ನನ್ನ ಗಂಟಲಿಗೆ ಬಂದು ಬಿಡಾರ ಹೂಡಿತ್ತು. ಡಾಕ್ಟರು ಮೂಗಿನಲ್ಲಿ ಗದರುವುದು, ಆಯಾ ಮುದುಕಿ ಅರ್ಧ ತೆಲುಗಿನಲ್ಲಿ ಬೈಯುವುದು, ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಸಾಬರು ಕೆಮ್ಮುತ್ತ ಕೆಮ್ಮುತ್ತ ನಗುವುದು. ಸಂಬಳ ಔಷಧಿ ಕಲಸುವುದಕ್ಕೆ, ಹೆಸರು ಬಂದದ್ದು ಮಾತ್ರ ಇದಕ್ಕೆ.

ಅರವತ್ತನೇ ಇಸವಿಯ ಆಸುಪಾಸಿನ ಒಂದು ಬೇಸಿಗೆಯಲ್ಲಿ ದಿಬ್ಬೂರಹಳ್ಳಿಯ ಆಚೆಗೆ ಕಾಲರಾ ಬಂತು. ನಾವು ಐದು ಜನ ಅಲ್ಲಿಯ ಒಂದು ಶಾಲೆಯಲ್ಲಿ ಬೀಡುಬಿಟ್ಟೆವು. ಮಕ್ಕಳ ಬೆಂಚುಗಳನ್ನು ಜೋಡಿಸಿ ರೋಗಿಗಳನ್ನು ಮಲಗಿಸಿದೆವು. ಬೋರ್ಡಿನ ಮೇಲೆ ಮೇಷ್ಟರು ಬರೆದ ಎಂಟರ ಮಗ್ಗಿ ಹಾಗೇ ಇತ್ತು. ಅಳಿಸಲು ಯಾರಿಗೂ ಪುರುಸೊತ್ತಾಗಲಿಲ್ಲ.

ಸತ್ತವರನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಸುಣ್ಣ ಹಾಕಿ, ಚಾಪೆ ಸುತ್ತಿ, ಗಾಡಿಯಲ್ಲಿ ಕಳಿಸಬೇಕು. ಈ ಕಡೆಯ ಹಳ್ಳಿಗಳಲ್ಲಿ ಸಾವಾದ ಮನೆಯ ಮುಂದೆ ಭಜನೆಯವರು ಬೆಳಗಾಗುವವರೆಗೂ ಕೂತು ಹಾಡುತ್ತಾರೆ. ಕಾಲರಾ ಹೆಣಕ್ಕೆ ತಮಟೆಯೂ ಇಲ್ಲ, ಭಜನೆಯೂ ಇಲ್ಲ. ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ.

ನಮ್ಮಲ್ಲಿ ಹಾಡು ಶುರುಮಾಡಿದ್ದು ನರ್ಸಕ್ಕ. ಬತ್ತಿ ಮುದುರಿದ ಕೈಯಲ್ಲಿ ನರ ಹುಡುಕಿ ಸಲೈನ್ ಸೂಜಿ ಚುಚ್ಚುವುದು ಅವರೊಬ್ಬರಿಂದಲೇ ಆಗುತ್ತಿತ್ತು. ಡಾಕ್ಟರು ಕೂಡ ಸೋತು ಅವರನ್ನೇ ಕರೆಯುತ್ತಿದ್ದರು. ಸಂಜೆ ಬಟ್ಟೆಗಳನ್ನು ಕುದಿಸಿ, ಫಿನಾಯಿಲಿನಲ್ಲಿ ಕೈ ತೊಳೆದು, ಹೊಂಗೆ ಮರದ ಕೆಳಗೆ ಕೂತು ಅವರು ಭಜನೆಯ ಒಂದು ಸಾಲು ಎತ್ತುವರು. ಆಯಾ ಆ ಸಾಲನ್ನು ತೆಲುಗಿನ ಕಡೆಗೆ ಎಳೆಯುವಳು. ಸಾಬರು ಖಾಲಿ ಡಬ್ಬದ ಮೇಲೆ ತಾಳ ಹಾಕುವರು. ನಾನು ಮೂವರ ದನಿಯಲ್ಲೂ ಸರದಿಯಂತೆ ಹಾಡಿ ಬೈಸಿಕೊಳ್ಳುವೆನು. ಕೇಳಲು ಚೆನ್ನಾಗೇನೂ ಇರಲಿಲ್ಲ. ಆದರೆ ಹಾಡಿದ ಮೇಲೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.

"ಇದೊಂದಿಲ್ದಿದ್ರೆ ನಾನು ಯಾವತ್ತೋ ಈ ಕೆಲ್ಸ ಬಿಟ್ಟು ಹೋಗಿರ್ತಿದ್ದೆ ಕಣಪ್ಪ," ಎಂದಿದ್ದರು ನರ್ಸಕ್ಕ.

ಒಂದು ದಿನ ಸಲೈನ್ ಬಾಟಲಿ ತರಲು ನಾನು ಚಿಂತಾಮಣಿಗೆ ಹೋಗಿದ್ದೆ. ಸಂಜೆ ಬಸ್ಸಿಳಿದು, ಬಾಟಲಿ ಒಡೆಯದಂತೆ ಹುಲ್ಲು ತುಂಬಿದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಡೆದು ಬರುವಾಗ ಹಾಡು ಕೇಳಿಸಿತು. ಅವತ್ತು ತೀರ ಮೆಲ್ಲಗಿತ್ತು. ದಿನವಿಡೀ ಒಬ್ಬನೇ ಇದ್ದು ನನ್ನ ನಾಲಿಗೆ ತುರಿಸುತ್ತಿತ್ತು. ಗೋಡೆಯ ಹಿಂದೆ ನಿಂತು, ಮೂಗು ಹಿಡಿದು, ಡಾಕ್ಟರಾದೆ.

"ಏನ್ರೀ ಇದು? ನಾಚಿಕೆ ಆಗಲ್ವೇನ್ರೀ ನಿಮಗೆ?"

ಹಾಡು ಸಾಲಿನ ನಡುವೆ ನಿಂತಿತು. ನಗು ಬರಲಿಲ್ಲ, ಬೈಗುಳವೂ ಬರಲಿಲ್ಲ. ಗೋಡೆ ಬಳಸಿ ಹೋದರೆ ಮೂವರೂ ತಲೆ ತಗ್ಗಿಸಿಕೊಂಡು ಏಳುತ್ತಿದ್ದರು.

"ಮೂಲೆ ಬೆಂಚಿನ ಹುಡ್ಗ ಹೋದ ಕಣೋ," ಎಂದರು ಸಾಬರು. "ಈಗ ತಾನೆ ಗಾಡಿ ಹೊರಡ್ತು. ಏನು ಮಾಡ್ಬೇಕೋ ತಿಳೀದೆ ಇಲ್ಲಿ ಬಂದು ಕೂತಿದ್ವಿ."

ಹುಡುಗನ ತಾಯಿ ವರಾಂಡದಲ್ಲಿ ಕೂತಿದ್ದಳು. ಗಂಡನೂ ಒಳಗೆ ಮಲಗಿದ್ದರಿಂದ ಗಾಡಿಯ ಹಿಂದೆ ಹೋಗುವುದೂ ಅವಳಿಗೆ ಆಗಿರಲಿಲ್ಲ.

"ಕೂಗಿದ್ದು ಡಾಕ್ಟರಲ್ಲ ಅಕ್ಕ, ನಾನು," ಎಂದೆ.

ನರ್ಸಕ್ಕ ನನ್ನ ಕಡೆ ತಿರುಗಲಿಲ್ಲ. "ಯಾರ ದನಿ ಆದ್ರೇನಪ್ಪ. ನಾಚಿಕೆ ಆಗಲ್ವಾ ಅಂತ ಕೇಳಿದ್ದು ಸರಿಯಾಗೇ ಇತ್ತು."

ಆಮೇಲೆ ಹಾಡಿಲ್ಲದೆ ಸಂಜೆಗಳು ಕೆಟ್ಟವು. ಒಂದು ಕೊಡ ನೀರಿಗೆ ಆಯಾಗೂ ಸಾಬರಿಗೂ ಜಗಳವಾಯಿತು. ನಗಿಸೋಣವೆಂದು ಇಬ್ಬರ ಜಗಳವನ್ನೂ ನಾನೊಬ್ಬನೇ ಆಡಿ ತೋರಿಸಿದೆ. "ಊರ್ಕೋರಾ, ಸುಮ್ನಿರು!" ಎಂದು ಆಯಾ ಪೊರಕೆ ಎತ್ತಿದಳು. ನರ್ಸಕ್ಕ ಅನ್ನ ಕಲಸಿ ಕಲಸಿ ನಾಯಿಗೆ ಹಾಕುತ್ತಿದ್ದರು. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದು ಬೆರಳ ಸಂದು ಸುಲಿದುಹೋಯಿತು. ಒಂದು ಬೆಳಗ್ಗೆ, ಆಗಷ್ಟೇ ಹೊತ್ತು ತಂದ ಹೆಂಗಸೊಬ್ಬಳ ಕೈಯಲ್ಲಿ ಅವರ ಸೂಜಿ ತಪ್ಪಿತು. ಮತ್ತೆ ಚುಚ್ಚಿದರು, ಮತ್ತೆ ತಪ್ಪಿತು. ಆ ಹೆಂಗಸು ಉಳಿಯಲಿಲ್ಲ.

ನರ್ಸಕ್ಕ ಟ್ರಂಕಿಗೆ ಬೀಗ ಹಾಕಿ ಡಾಕ್ಟರ ಮುಂದೆ ನಿಂತರು. "ನಾಳೆ ಹೊರಡ್ತೀನಿ ಸಾರ್. ಗೌರಿಬಿದನೂರಲ್ಲಿ ತಂಗಿ ಇದ್ದಾಳೆ. ನನ್ನ ಕೈಲಿ ಇನ್ನು ಆಗಲ್ಲ."

ಅವರು ಹೋದರೆ ಸೂಜಿ ಹಿಡಿಯುವವರಿಲ್ಲ. ನಾನು ಡಾಕ್ಟರ ಬಳಿ ಹೋಗಿ ನಡೆದದ್ದೆಲ್ಲ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಮೂಗು ಮುಟ್ಟಿ ನೋಡಿಕೊಂಡು, "ನನ್ನ ಮೂಗು ಅಷ್ಟು ಕೆಟ್ಟದಾಗಿ ಕೇಳ್ಸುತ್ತೇನಯ್ಯಾ?" ಎಂದರು.

ಸಂಜೆ ಎಲ್ಲರನ್ನೂ ಮರದ ಕೆಳಗೆ ಕರೆಸಿದರು. "ಸಿಸ್ಟರ್, ನಾನು ಹಾಡ್ಬೇಡಿ ಅಂದಿಲ್ಲ. ದಿನಾ ಕಿಟಕಿ ತೆಗೆದಿಟ್ಕೊಂಡು ಕೇಳ್ತಿದ್ದೆ. ಹಾಡಿ."

ಅಪ್ಪಣೆ ಕೊಟ್ಟರೆ ಬರಲು ಹಾಡೇನು ಜವಾನನೇ? ಸಾಬರು ಡಬ್ಬವನ್ನು ಮಡಿಲಲ್ಲಿಟ್ಟುಕೊಂಡರು, ಬಡಿಯಲಿಲ್ಲ. ನರ್ಸಕ್ಕ ವರಾಂಡದ ಕಡೆ ನೋಡಿ ಹೇಳಿದರು: "ಆ ತಾಯಿ ಅಲ್ಲೇ ಕೂತಿದ್ದಾಳೆ ಸಾರ್. ಅವಳ ಮಗನ ಗಾಡಿ ಕಣ್ಮರೆ ಆಗೋಕೆ ಮುಂಚೆ ನಾವಿಲ್ಲಿ ಹಾಡ್ತಾ ಕೂತಿದ್ವಿ. ಅವಳ ಮುಂದೆ ಬಾಯಿ ತೆಗೆಯೋಕೆ ನಾಚಿಕೆ ಆಗುತ್ತೆ."

ವರಾಂಡ ದೂರವೇನಿರಲಿಲ್ಲ. ಆಕೆ ಕಂಬ ಹಿಡಿದು ಎದ್ದು ನಿಂತಳು. ಆಕೆಯ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೇಳಿದ ಮೇಲೆ ಅನುಕರಿಸುವ ಧೈರ್ಯ ಇವತ್ತಿಗೂ ಬಂದಿಲ್ಲ. ಮರುದಿನದ ಬಸ್ಸು ನರ್ಸಕ್ಕನ ಟ್ರಂಕಿಲ್ಲದೆ ಹೋದದ್ದು ನನ್ನಿಂದಲ್ಲ, ಡಾಕ್ಟರಿಂದಲೂ ಅಲ್ಲ, ಆಕೆ ಆಡಿದ ಇಷ್ಟು ಮಾತಿನಿಂದ:

"ನನ್ ಮಗಂಗೆ ಇನ್ಯಾರಮ್ಮ ಭಜನೆ ಮಾಡಿದ್ರು, ನೀವಲ್ದೆ? ಹಾಡಿದ್ದಕ್ಕಲ್ಲ ನಾಚ್ಕೋಬೇಕಾದ್ದು, ಅರ್ಧಕ್ಕೆ ಬಿಟ್ಟು ಎದ್ರಲ್ಲ, ಅದಕ್ಕೆ. ಕೂತ್ಕೊಂಡು ಮುಗ್ಸ್ರಿ."